ಜೋಡಿ ಡಿಸ್ಕ್ ಸರ್ವರ್: ಸಾಮರ್ಥ್ಯ ವಿಸ್ತರಣೆಗೆ ಮುನ್ನ ಗಮನಿಸಬೇಕಾದ ಅಂಶಗಳು

ಲೆಕ್ಕದ ಪುಸ್ತಕ ತುಂಬಿದಾಗ ಹೊಸ ಪುಸ್ತಕ ತೆರೆದರೆ ಸಾಕಾಗುತ್ತಿತ್ತು. ಹಳೆಯದು ಕಪಾಟಿನಲ್ಲಿ ಭದ್ರವಾಗಿರುತ್ತಿತ್ತು. ಸರ್ವರ್ ತುಂಬಿದಾಗ ಪರಿಸ್ಥಿತಿ ಹಾಗಿರುವುದಿಲ್ಲ. ಹಳೆಯ ಲೆಕ್ಕಗಳನ್ನೇ ಹೊಸ ಡಿಸ್ಕ್‌ಗೆ ಸಾಗಿಸಬೇಕಾಗುತ್ತದೆ, ಮತ್ತು ಸಾಗಾಣಿಕೆಯ ಆ ಕೆಲವು ಗಂಟೆಗಳೇ ಅತ್ಯಂತ ಅಪಾಯದ ಗಂಟೆಗಳಾಗಿರುತ್ತವೆ.

ಪ್ರತಿಬಿಂಬ ವ್ಯವಸ್ಥೆ ಎಂದರೇನು?

ಹಲವು ಡಿಸ್ಕ್‌ಗಳನ್ನು ಒಂದುಗೂಡಿಸಿ ಬಳಸುವ ವಿಧಾನಗಳಿಗೆ ‘ರೇಯ್ಡ್’ ಎಂಬ ಹೆಸರನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಕೇಂದ್ರದ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್ ಅವರು 1988ರಲ್ಲಿ ಪ್ರಕಟಿಸಿದ ಪ್ರಬಂಧವು ಪ್ರಚಾರಕ್ಕೆ ತಂದಿತು. ತೆರಿಗೆ ಅಧಿಕಾರಿಗಳ ದಾಳಿಗೂ ಈ ಹೆಸರಿಗೂ ಸಂಬಂಧವಿಲ್ಲ! ಇವುಗಳಲ್ಲಿ ಸರಳವಾದುದು ‘ರೇಯ್ಡ್-1’, ಅಂದರೆ ಪ್ರತಿಬಿಂಬ ವ್ಯವಸ್ಥೆ. ಬರೆದ ಪ್ರತಿಯೊಂದು ಅಕ್ಷರವೂ ಏಕಕಾಲದಲ್ಲಿ ಎರಡು ಡಿಸ್ಕ್‌ಗಳಿಗೆ ಹೋಗುತ್ತದೆ. ಒಂದು ಕೆಟ್ಟರೆ ಮತ್ತೊಂದು ಕೆಲಸ ಮುಂದುವರಿಸುತ್ತದೆ. ಆದ್ದರಿಂದ 1 ಟೆರಾಬೈಟ್‌ನ ಎರಡು ಡಿಸ್ಕ್‌ಗಳಿದ್ದರೂ ಬಳಕೆಗೆ ದೊರೆಯುವುದು 1 ಟೆರಾಬೈಟ್ ಮಾತ್ರ.

ಇದನ್ನು ಬ್ಯಾಕಪ್ ಎಂದು ಭಾವಿಸುವುದು ಸಾಮಾನ್ಯವಾದ ತಪ್ಪು ಕಲ್ಪನೆ. ಗುಮಾಸ್ತರು ಅರಿಯದೆ ಒಂದು ಫೈಲನ್ನು ಅಳಿಸಿದರೆ ಅದು ಎರಡೂ ಡಿಸ್ಕ್‌ಗಳಿಂದ ಅಳಿಯುತ್ತದೆ. ವೈರಸ್ ತಗುಲಿದರೆ ಎರಡಕ್ಕೂ ತಗುಲುತ್ತದೆ. ಡಿಸ್ಕ್ ಕೆಡುವುದರಿಂದಾಗುವ ನಷ್ಟವನ್ನಷ್ಟೇ ಈ ವ್ಯವಸ್ಥೆ ತಡೆಯಬಲ್ಲದು.

ಜಾಗ ಸಾಲದಾಗುವುದೇಕೆ?

ಹಳೆಯ ಲೆಕ್ಕಗಳನ್ನು ಅಳಿಸಿ ಜಾಗ ಮಾಡಿಕೊಳ್ಳಲು ಕಾನೂನಿನ ಅಡ್ಡಿಯಿದೆ. 2013ರ ಕಂಪನಿ ಕಾಯ್ದೆಯ 128ನೇ ಕಲಮಿನನ್ವಯ ಕಂಪನಿಗಳು ಲೆಕ್ಕಪತ್ರಗಳನ್ನು 8 ಹಣಕಾಸು ವರ್ಷಗಳ ಕಾಲ ಉಳಿಸಿಕೊಳ್ಳಬೇಕು. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೇ ಕಲಮು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳ ಅವಧಿಯನ್ನು ವಿಧಿಸುತ್ತದೆ. 2023-24ನೇ ಸಾಲಿನ ರಿಟರ್ನ್‌ಗೆ 31 ಡಿಸೆಂಬರ್ 2024 ಕೊನೆಯ ದಿನವಾಗಿದ್ದುದರಿಂದ ಆ ಸಾಲಿನ ದಾಖಲೆಗಳು 2030ರ ಡಿಸೆಂಬರ್‌ವರೆಗೆ ಇರಲೇಬೇಕು. ಇದಲ್ಲದೆ 1 ಏಪ್ರಿಲ್ 2023ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸಬೇಕು. ಕಡತಗಳು ಹಿಗ್ಗುವುದಕ್ಕೆ ಇದೂ ಒಂದು ಕಾರಣ.

ವಿಸ್ತರಣೆಯ ಕ್ರಮ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಭತ್ತ ಖರೀದಿಸುವ ಒಂದು ಅಕ್ಕಿ ಗಿರಣಿ ಕಂಪನಿ ಹೆಮ್ಮರಗಾಲದಲ್ಲಿದೆಯೆಂದು ಉದಾಹರಣೆಗಾಗಿ ಊಹಿಸೋಣ. ಅದರ ಸರ್ವರ್‌ನಲ್ಲಿರುವ 1 ಟೆರಾಬೈಟ್‌ನ ಜೋಡಿಯನ್ನು 4 ಟೆರಾಬೈಟ್‌ನ ಜೋಡಿಗೆ ಬದಲಿಸಬೇಕಾಗಿದೆ.

1. ಮೊದಲು ಪೂರ್ಣ ಬ್ಯಾಕಪ್ ತೆಗೆದು, ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತಾಳೆಪಟ್ಟಿ ಹೊಂದಿಕೆಯಾದರೆ ಮಾತ್ರ ಮುಂದುವರಿಯಬೇಕು.

2. ಹಳೆಯ ಡಿಸ್ಕ್‌ಗಳೆರಡರ ಆರೋಗ್ಯವನ್ನು ಪರೀಕ್ಷಿಸಬೇಕು. ಈ ಗಾತ್ರದ ವಿಸ್ತರಣೆ ಸರ್ವರ್‌ನ ಕಂಟ್ರೋಲರ್‌ನಲ್ಲಿ ಸಾಧ್ಯವೇ ಎಂಬುದನ್ನೂ ತಿಳಿದುಕೊಳ್ಳಬೇಕು. ಸಾಧ್ಯವಿಲ್ಲದಿದ್ದರೆ ಹೊಸ ಜೋಡಿಯನ್ನು ಪ್ರತ್ಯೇಕವಾಗಿ ರಚಿಸಿ ಬ್ಯಾಕಪ್‌ನಿಂದ ತುಂಬಿಸಬೇಕು.

3. ಒಂದು ಹಳೆಯ ಡಿಸ್ಕ್ ತೆಗೆದು ಹೊಸದನ್ನು ಹಾಕಿದೊಡನೆ ಉಳಿದ ಡಿಸ್ಕ್‌ನಿಂದ ನಕಲು ಆರಂಭವಾಗುತ್ತದೆ. ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ 1 ಟೆರಾಬೈಟ್‌ಗೆ ಸುಮಾರು 2 ಗಂಟೆ 47 ನಿಮಿಷ ಬೇಕು. ಕಚೇರಿಯ ಕೆಲಸ ನಡೆಯುತ್ತಿದ್ದರೆ ಇನ್ನೂ ಹೆಚ್ಚು.

4. ನಕಲು ಮುಗಿಯಿತೆಂಬ ಸಂದೇಶ ಬಂದ ನಂತರವೇ ಎರಡನೆಯ ಡಿಸ್ಕ್ ಬದಲಿಸಬೇಕು. ಮತ್ತೆ ಅಷ್ಟೇ ಸಮಯ ಹಿಡಿಯುತ್ತದೆ.

5. ಎರಡೂ ಬದಲಾದ ಮೇಲೂ ಸರ್ವರ್ 1 ಟೆರಾಬೈಟನ್ನೇ ತೋರಿಸುತ್ತದೆ. ಗಾಬರಿಪಡಬೇಕಾಗಿಲ್ಲ. ಮೊದಲು ಜೋಡಿಯ ಗಾತ್ರವನ್ನೂ, ಬಳಿಕ ವಿಭಾಗವನ್ನೂ, ಕೊನೆಗೆ ಫೈಲ್ ವ್ಯವಸ್ಥೆಯನ್ನೂ ಹಿಗ್ಗಿಸಬೇಕು. ಹಳೆಯ ‘ಎಂಬಿಆರ್’ ಮಾದರಿಯ ವಿಭಜನಾ ಕೋಷ್ಟಕವಿದ್ದರೆ ಸಾಮಾನ್ಯವಾಗಿ 2 ಟೆರಾಬೈಟ್‌ಗೆ ಮಿತಿ ಬೀಳುತ್ತದೆ. ‘ಜಿಪಿಟಿ’ ಮಾದರಿ ಅಗತ್ಯ. ವಿಂಡೋಸ್‌ನಲ್ಲಿ 4ರ ಬದಲು ಸುಮಾರು 3.63 ಎಂದು ಕಂಡರೆ ಅದು ಎಣಿಕೆಯ ಪದ್ಧತಿಯ ವ್ಯತ್ಯಾಸವೇ ಹೊರತು ಮಾರಾಟಗಾರನ ಮೋಸವಲ್ಲ.

ಅಪಾಯ ಇರುವುದೆಲ್ಲಿ?

ಮೂರನೆಯ ಹಂತದಲ್ಲಿ ಸಂಸ್ಥೆಯ ಚಾಲ್ತಿ ಲೆಕ್ಕವೆಲ್ಲ ಒಂದೇ ಹಳೆಯ ಡಿಸ್ಕ್‌ನ ಮೇಲೆ ನಿಂತಿರುತ್ತದೆ. ವರ್ಷಗಳಿಂದ ಯಾರೂ ಓದದ ಮೂಲೆಗಳನ್ನೂ ಅದು ಅಂದು ಓದಬೇಕಾಗುತ್ತದೆ. ಅಲ್ಲಿ ದೋಷವಿದ್ದರೆ ಹೊರಬೀಳುವುದು ಆಗಲೇ. ಆಗ ನೆರವಿಗೆ ಬರುವುದು ಮೊದಲ ಹಂತದ ಬ್ಯಾಕಪ್ ಮಾತ್ರ. ತೆಗೆದ ಡಿಸ್ಕ್‌ಗೆ ದಿನಾಂಕದ ಚೀಟಿ ಅಂಟಿಸಿ ಕೆಲವು ವಾರ ಜೋಪಾನವಾಗಿಡುವುದು ಒಳ್ಳೆಯದು. ನಂತರ ಸಂಪೂರ್ಣವಾಗಿ ಅಳಿಸದೆ ಗುಜರಿಗೆ ಕೊಡಬಾರದು.

ದಿನದ ಆಯ್ಕೆಯೂ ಮುಖ್ಯ. ಮುಂಗಾರು ಭತ್ತದ ಆವಕ ಹೆಚ್ಚಿರುವ ವಾರಗಳನ್ನೂ, ಮಾಸಿಕ ಜಿಎಸ್‌ಟಿ ರಿಟರ್ನ್‌ಗಳ 11 ಮತ್ತು 20ನೇ ತಾರೀಖುಗಳ ಆಸುಪಾಸನ್ನೂ ಬಿಟ್ಟು, ಶನಿವಾರ ಸಂಜೆ ಆರಂಭಿಸುವುದು ಲೇಸು. ಯುಪಿಎಸ್ ಅಷ್ಟು ಹೊತ್ತು ತಾಳದಿದ್ದರೆ ಜನರೇಟರ್ ಸಿದ್ಧವಿರಬೇಕು.

ಲೆಕ್ಕಪತ್ರದಲ್ಲಿ ನಮೂದು

ಸಾಮರ್ಥ್ಯ ಹೆಚ್ಚಿಸುವ ಈ ವೆಚ್ಚವನ್ನು ಸಾಮಾನ್ಯವಾಗಿ ಬಂಡವಾಳ ವೆಚ್ಚವೆಂದು ಪರಿಗಣಿಸಿ, ತೆಗೆದ ಡಿಸ್ಕ್‌ಗಳ ಉಳಿಕೆ ಮೌಲ್ಯವನ್ನು ಆಸ್ತಿಯಿಂದ ಕಳೆಯಬೇಕು. ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯು ಸರ್ವರ್‌ಗಳಿಗೆ 6 ವರ್ಷಗಳ ಉಪಯುಕ್ತ ಆಯುಷ್ಯವನ್ನು ಸೂಚಿಸುತ್ತದೆ. ಲೆಕ್ಕ ಉಳಿಸಬೇಕಾದ ಅವಧಿ 8 ವರ್ಷ. ಲೆಕ್ಕಗಳು ಸರ್ವರ್‌ಗಿಂತ ಹೆಚ್ಚು ಕಾಲ ಬಾಳಬೇಕೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ. ವಿದ್ಯುನ್ಮಾನ ಲೆಕ್ಕಪತ್ರಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಇರಿಸಬೇಕೆಂದು 2022ರಲ್ಲಿ ತಿದ್ದುಪಡಿಯಾದ ನಿಯಮ ಕಂಪನಿಗಳಿಗೆ ವಿಧಿಸಿದೆ. ಕಂಪನಿಯಲ್ಲದ ವ್ಯಾಪಾರಿಗಳೂ ಇದನ್ನು ರೂಢಿಸಿಕೊಂಡರೆ ಡಿಸ್ಕ್ ಬದಲಿಸುವ ದಿನ ಆತಂಕಕ್ಕೆ ಎಡೆಯಿರುವುದಿಲ್ಲ.