ಮೂಲೆ ಕಂಬವಿಲ್ಲದ ಕಿಟಕಿ

ಆಮ್‌ಸ್ಟರ್‌ಡ್ಯಾಮ್‌ನಿಂದ ಉಟ್ರೆಕ್ಟ್‌ಗೆ ಹೊರಟ ರೈಲು ಊರಿನ ಅಂಚು ದಾಟುತ್ತಿದ್ದಂತೆ ಎರಡೂ ಕಡೆ ಹಸಿರು ತೆರೆದುಕೊಳ್ಳುತ್ತದೆ. ಗುಡ್ಡವಿಲ್ಲ, ದಿಣ್ಣೆಯಿಲ್ಲ. ದಾರ ಹಿಡಿದು ಗೆರೆ ಎಳೆದ ಹಾಗೆ ನೇರ ಕಾಲುವೆಗಳು, ಅವುಗಳ ನಡುವೆ ಉದ್ದುದ್ದ ಹುಲ್ಲಿನ ಪಟ್ಟಿಗಳು, ಅಲ್ಲಲ್ಲಿ ಮೇಯುತ್ತ ನಿಂತ ಕಪ್ಪು ಬಿಳುಪಿನ ಹಸುಗಳು. ಕಣ್ಣಿಗೆ ಬೀಳುವುದರಲ್ಲಿ ಮುಕ್ಕಾಲು ಪಾಲು ಆಕಾಶವೇ. ಮೋಡ ಸರಿದಂತೆಲ್ಲ ಕಾಲುವೆಯ ನೀರು ಬೂದಿಯಿಂದ ಬೆಳ್ಳಿಗೆ, ಬೆಳ್ಳಿಯಿಂದ ಬೂದಿಗೆ ತಿರುಗುತ್ತಿರುತ್ತದೆ. ಮಲೆನಾಡಿನ ಕಣ್ಣಿಗೆ ಮೊದಲು ಇದು ಬರಿಯ ಬಯಲು. ಸ್ವಲ್ಪ ಹೊತ್ತು ಕಳೆದ ಮೇಲೆ, ಇಲ್ಲಿ ನೋಡಬೇಕಾದದ್ದು ನೆಲಕ್ಕಿಂತ ಬೆಳಕನ್ನು ಎಂದು ಹೊಳೆಯುತ್ತದೆ.

ಈ ಬಯಲು ತಾನಾಗಿ ಆದದ್ದಲ್ಲ. ನೆದರ್‌ಲ್ಯಾಂಡ್ಸ್‌ನ ಕಾಲು ಭಾಗಕ್ಕೂ ಹೆಚ್ಚು ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಆಮ್‌ಸ್ಟರ್‌ಡ್ಯಾಮ್‌ನ ಉತ್ತರಕ್ಕಿದ್ದ ಬೇಮ್‌ಸ್ಟರ್ ಎಂಬ ಸರೋವರದ ನೀರನ್ನು ಗಾಳಿಯಂತ್ರಗಳಿಂದ ಎತ್ತಿ ಹೊರಹಾಕಿ, 1612ರಲ್ಲಿ ಅದನ್ನು ಒಣನೆಲ ಮಾಡಿ, ಚೌಕ ಚೌಕವಾಗಿ ಹೊಲಗಳನ್ನು ಹಂಚಿದರು. 1999ರಲ್ಲಿ ಯುನೆಸ್ಕೊ ಆ ಹೊಲಗಳ ವಿನ್ಯಾಸವನ್ನೇ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಹುಲ್ಲುಗಾವಲು ಕೂಡ ಲೆಕ್ಕ ಹಾಕಿ ಕಟ್ಟಿದ್ದೇ ಆಗಿರುವ ನಾಡಿದು. ಇಲ್ಲಿ ಮನೆಯ ಒಳಗನ್ನು ಹೊರಗಿನ ನೋಟಕ್ಕೆ ಜೋಡಿಸಲು ಹೊರಟವರು ಕಿಟಕಿಯ ಜೊತೆಗೆ ನೋಟವನ್ನೂ ಕಟ್ಟಬೇಕಾಗುತ್ತದೆ. ಕಟ್ಟಿದ ಮೇಲೆ ಕಾಯಬೇಕಾಗುತ್ತದೆ.

ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಉಟ್ರೆಕ್ಟ್‌ನ ಪ್ರಿನ್ಸ್ ಹೆಂಡ್ರಿಕ್‌ಲಾನ್ ಬೀದಿಯಲ್ಲಿದೆ. ಬೀದಿಯುದ್ದಕ್ಕೂ ಕಂದು ಇಟ್ಟಿಗೆಯ ಸಾಲುಮನೆಗಳು. ಸಾಲು ಮುಗಿಯುವಲ್ಲಿ, ಕೊನೆಯ ಗೋಡೆಗೆ ಬೆನ್ನು ತಾಗಿಸಿಕೊಂಡು ಒಂದು ಪುಟ್ಟ ಮನೆ. ಬಿಳಿ ಮತ್ತು ಬೂದು ಬಣ್ಣದ ಹಲಗೆಗಳು ಒಂದರಿಂದ ಒಂದು ಸರಿದು ನಿಂತಿವೆ. ನಡುವೆ ಕೆಂಪು, ನೀಲಿ, ಹಳದಿ ಗೆರೆಗಳು. ಗಂಡನನ್ನು 1923ರಲ್ಲಿ ಕಳೆದುಕೊಂಡ ಟ್ರೂಸ್ ಶ್ರೋಡರ್ ತನ್ನ ಮೂವರು ಮಕ್ಕಳೊಂದಿಗೆ ಬಾಳಲು ಕಟ್ಟಿಸಿಕೊಂಡ ಮನೆ ಇದು. ವಿನ್ಯಾಸ ಮಾಡಿದವರು ಬಡಗಿಯ ಮಗ, ಸ್ವತಃ ಪೀಠೋಪಕರಣ ಮಾಡುತ್ತಿದ್ದ ಗೆರಿಟ್ ರೀಟ್‌ವೆಲ್ಟ್. ವರ್ಷ 1924. ಆಗ ಈ ಬೀದಿಯೇ ಊರಿನ ಕೊನೆ; ಆಚೆಗೆ ಹುಲ್ಲುಗಾವಲು, ಕಾಲುವೆ, ದಿಗಂತ.

ಶ್ರೋಡರ್ ಅವರಿಗೆ ಬದುಕು ಮಹಡಿಯ ಮೇಲೆ ನಡೆಯಬೇಕಿತ್ತು, ಏಕೆಂದರೆ ನೋಟ ಚೆನ್ನಾಗಿದ್ದದ್ದು ಮೇಲಿಂದ. ಗೋಡೆಗಳಿಲ್ಲದ ಮಹಡಿಗೆ ಕಟ್ಟಡದ ಪರವಾನಗಿ ಸಿಗುವುದು ಕಷ್ಟವೆಂದು ನಕ್ಷೆಯಲ್ಲಿ ಅದನ್ನು ಅಟ್ಟವೆಂದು ತೋರಿಸಿದರು. ಕಿರಿದಾದ ಮೆಟ್ಟಿಲು ಹತ್ತಿ ಆ ‘ಅಟ್ಟ’ಕ್ಕೆ ಕಾಲಿಟ್ಟರೆ ನೆತ್ತಿಯ ಮೇಲಿನ ಗಾಜಿನಿಂದ ಬೆಳಕು ಸುರಿಯುತ್ತಿರುತ್ತದೆ. ನೆಲ ಕೆಂಪು, ಬೂದು, ಕಪ್ಪು, ಬಿಳಿಯ ಆಯತಗಳಾಗಿ ಹಂಚಿಕೊಂಡಿದೆ. ರಾತ್ರಿ ಮಕ್ಕಳು ಮಲಗುವಾಗ ತೆಳುವಾದ ಗೋಡೆಗಳು ಹಳಿಯ ಮೇಲೆ ಸರಿದು ಬಂದು ಕೋಣೆಗಳಾಗುತ್ತವೆ. ಬೆಳಿಗ್ಗೆ ಸರಿದು ಹೋದರೆ ಮಹಡಿಯೆಲ್ಲ ಒಂದೇ ಅಂಗಳ. ಕಿಟಕಿಗಳಿಗೆ ಪರದೆಯ ಬದಲು ಹಲಗೆಗಳು. ಅಡುಗೆ ಕೆಳಗೆ, ತಟ್ಟೆಗಳು ಸಣ್ಣ ಲಿಫ್ಟಿನಲ್ಲಿ ಮೇಲಿನ ಊಟದ ಮೇಜಿನ ಬಳಿಗೆ ಬರುತ್ತಿದ್ದವು.

ಆ ಊಟದ ಮೇಜಿನ ಪಕ್ಕದಲ್ಲೇ ಇದೆ, ಜಗತ್ತಿನ ವಾಸ್ತುಶಿಲ್ಪದ ವಿದ್ಯಾರ್ಥಿಗಳೆಲ್ಲ ಚಿತ್ರದಲ್ಲಿ ಕಂಡಿರುವ ಕಿಟಕಿ. ಮನೆಯ ಮೂಲೆಯಲ್ಲಿ ಎರಡು ಗಾಜಿನ ಬಾಗಿಲುಗಳು ಬಂದು ಸೇರುತ್ತವೆ, ಒಂದು ಅಗಲ, ಒಂದು ಕಿರಿದು. ಅಗುಳಿ ತೆಗೆದು ಹೊರಗೆ ತಳ್ಳಿದರೆ ಎರಡೂ ಗೋಡೆಗೆ ಸರಿಯಾಗಿ ಲಂಬಕೋನದಲ್ಲಿ ನಿಲ್ಲುತ್ತವೆ. ಆಗ ನೋಡಿದರೆ ಮೂಲೆಯಲ್ಲಿ ಕಂಬವೇ ಇಲ್ಲ! ಸೂರಿನ ಭಾರವನ್ನು ಮೂಲೆಯಿಂದ ಸ್ವಲ್ಪ ಹಿಂದಕ್ಕೆ ಸರಿಸಿದ ಉಕ್ಕು ಹೊತ್ತಿದೆ. ಗೋಡೆಗಳು ಕೂಡುವ ಜಾಗ, ಮನೆಗೆ ಎಲ್ಲಕ್ಕಿಂತ ಗಟ್ಟಿ ಎಂದು ನಾವು ಹುಟ್ಟಿನಿಂದ ನಂಬಿಕೊಂಡ ಜಾಗ, ಮಾಯವಾಗಿ ಅಲ್ಲಿ ಬರಿಯ ಗಾಳಿ ಉಳಿಯುತ್ತದೆ. ಮೇಜಿನ ಮುಂದೆ ಕುಳಿತವರು ಬಯಲಿನಲ್ಲೇ ಕುಳಿತಂತಾಗುತ್ತದೆ. ಇವತ್ತು ಕೋಟಿಗಟ್ಟಲೆ ಹಣ ಸುರಿದು ಕಟ್ಟುವ ವಿಲ್ಲಾಗಳಲ್ಲಿ ಮೂವತ್ತು ಅಡಿ ಗಾಜಿನ ಗೋಡೆ ಸರಿದರೂ ಸಿಗದ ಸುಖ, ಈ ಒಂದು ಮೂಲೆ ತೆರೆದಾಗ ಸಿಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಐಷಾರಾಮವನ್ನು ಚದರಡಿಯಲ್ಲಿ ಅಳೆಯುವವರಿಗೆ ಈ ಮನೆ ಏನೂ ಅಲ್ಲ. ಕಣ್ಣಿನ ಅಳತೆಯಲ್ಲಿ ಇದು ಅರಮನೆ.

ಇನ್ನು ಆ ನೋಟದ ಕಥೆ. ಎದುರಿನ ಜಾಗದಲ್ಲಿ ಕಟ್ಟಡಗಳು ಏಳುವುದು ಖಚಿತವಾದಾಗ ಶ್ರೋಡರ್ ಆ ಜಮೀನನ್ನು ತಾವೇ ಕೊಂಡರು. ಹೇಗೂ ಮನೆಗಳು ಏಳುವುದಾದರೆ ರೀಟ್‌ವೆಲ್ಟ್ ಕೈಯಿಂದಲೇ ಏಳಲಿ ಎಂಬುದು ಅವರ ಯೋಚನೆ. ಹಾಗೆ ಎರಾಸ್ಮುಸ್‌ಲಾನ್ ಬೀದಿಯ ಬಿಳಿ ಸಾಲುಮನೆಗಳು 1931ರಲ್ಲಿ ಎದ್ದವು. ಅಷ್ಟರಮಟ್ಟಿಗೆ ಅವರ ಕೈ ಸಾಗಿತು. 1960ರ ದಶಕದಲ್ಲಿ ಮನೆಯ ಪಕ್ಕದಲ್ಲೇ ಎತ್ತರಿಸಿದ ಹೆದ್ದಾರಿ ಬಂತು. ಬಯಲಿನ ಕಡೆ ತೆರೆದಿದ್ದ ಕಿಟಕಿಯ ಎದುರು ರಸ್ತೆಯ ಏರಿ, ಅದರ ಮೇಲೆ ಓಡುವ ಕಾರುಗಳು. ಸುತ್ತಲಿನ ಬಯಲೇ ಹೋದ ಮೇಲೆ ಈ ಮನೆಯನ್ನು ಕೆಡವಿದರೂ ಸರಿ ಎನ್ನುವಷ್ಟು ರೀಟ್‌ವೆಲ್ಟ್ ನೊಂದಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರೂ ಇದೇ ಮನೆಯಲ್ಲಿ ವಾಸವಾಗಿದ್ದು, 1964ರಲ್ಲಿ ಇಲ್ಲಿಯೇ ಕೊನೆಯುಸಿರೆಳೆದರು. ಶ್ರೋಡರ್ ಮಾತ್ರ ಬಿಟ್ಟು ಹೋಗಲಿಲ್ಲ. 1985ರಲ್ಲಿ ತೀರಿಕೊಳ್ಳುವವರೆಗೆ, ಅರವತ್ತು ವರ್ಷ ಅಲ್ಲೇ ಬಾಳಿದರು. 2000ದಲ್ಲಿ ಮನೆಗೆ ಯುನೆಸ್ಕೊ ಮಾನ್ಯತೆ ಬಂತು. ಕಿಟಕಿಗೆ ರಕ್ಷಣೆ ಸಿಕ್ಕಿತು. ಅದು ನೋಡುತ್ತಿದ್ದ ಬಯಲು ಅಷ್ಟು ಹೊತ್ತಿಗೆ ಇರಲಿಲ್ಲ.

ನೋಟಕ್ಕಾಗಿ ಮನೆ ಕಟ್ಟುವ ಆಸೆ ಡಚ್ಚರಿಗೆ ಹೊಸದಲ್ಲ. ಉಟ್ರೆಕ್ಟ್‌ನಿಂದ ಉತ್ತರಕ್ಕೆ ಹರಿಯುವ ವೆಕ್ಟ್ ನದಿಯ ದಂಡೆಯಲ್ಲಿ, ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವರ್ತಕರು ಬೇಸಿಗೆಯ ಬಂಗಲೆಗಳನ್ನು ಕಟ್ಟಿಸಿದರು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಲಾಭ, ಅಂದರೆ ನಮ್ಮ ಕಡಲತೀರದ ಮೆಣಸಿನ ಘಾಟೂ ಬೆರೆತ ಹಣ, ಅವುಗಳ ಅಡಿಪಾಯದಲ್ಲಿದೆ. ಬಂಗಲೆಯಿಂದ ಬೇರೆಯಾಗಿ, ನೀರಿನ ಅಂಚಿಗೆ ತಾಗಿ, ಸುತ್ತಲೂ ಕಿಟಕಿಯಿರುವ ಒಂದು ಪುಟ್ಟ ಚಹಾ ಮಂಟಪ ಇರುತ್ತಿತ್ತು. ಸಂಜೆ ಅಲ್ಲಿ ಕುಳಿತು ಚಹಾ ಕುಡಿಯುತ್ತ ಹಾಯಿದೋಣಿಗಳನ್ನು ನೋಡುವುದೇ ದಿನದ ಮುಖ್ಯ ಕೆಲಸ. ಬ್ರೂಕೆಲೆನ್, ಲೂನೆನ್ ಊರುಗಳ ಬಳಿ ದೋಣಿಯಲ್ಲಿ ಹೋದರೆ ಇಂಥ ಮಂಟಪಗಳು ಇನ್ನೂ ನೀರಿಗೆ ಮುಖಮಾಡಿ ನಿಂತಿರುವುದು ಕಾಣುತ್ತದೆ. ಅದೇ ಕಾಲದಲ್ಲಿ ಪೀಟರ್ ಡೆ ಹೋಖ್ ಒಂದು ಬಾಗಿಲಿನಾಚೆ ಇನ್ನೊಂದು ಬಾಗಿಲು, ಅದರಾಚೆ ಬಿಸಿಲು ಬಿದ್ದ ಅಂಗಳ ಕಾಣುವ ಚಿತ್ರಗಳನ್ನು ಬರೆದ. ಒಳಗಿದ್ದು ಹೊರಗನ್ನು ನೋಡುವುದು ಈ ಜನಕ್ಕೆ ರಕ್ತದಲ್ಲೇ ಬಂದದ್ದು.

ಬೆಳಕೂ ಕಾರಣ. ಉಟ್ರೆಕ್ಟ್‌ನಲ್ಲಿ ಡಿಸೆಂಬರ್‌ನ ನಡುಹಗಲಿಗೂ ಸೂರ್ಯ ದಿಗಂತದಿಂದ ಹದಿನಾಲ್ಕು ಹದಿನೈದು ಡಿಗ್ರಿಗಿಂತ ಮೇಲೇರುವುದಿಲ್ಲ. ಹಗಲು ಎಂಟು ಗಂಟೆಯೂ ಇಲ್ಲ. ಆ ಬಿಸಿಲು ಓರೆಯಾಗಿ ಬಂದು, ಮನೆಯ ಹಿಂಗೋಡೆಯವರೆಗೂ ಚಾಚಿಕೊಳ್ಳುತ್ತದೆ. ಅದನ್ನು ಹಿಡಿಯಲು ಗಾಜು ಬೇಕೇ ಬೇಕು. ಎರಡನೆಯ ಮಹಾಯುದ್ಧದ ನಂತರ ಕಟ್ಟಿದ ಸಾಮಾನ್ಯ ಸಾಲುಮನೆಗಳಲ್ಲೂ ಹಜಾರ ಬೀದಿಯ ಕಿಟಕಿಯಿಂದ ಹಿತ್ತಿಲ ಕಿಟಕಿಯವರೆಗೆ ಅಡ್ಡಿಯಿಲ್ಲದೆ ಸಾಗುತ್ತದೆ. ಬೀದಿಯಲ್ಲಿ ಹೋಗುವವರಿಗೆ ಮನೆಯ ಮೂಲಕವೇ ಹಿತ್ತಿಲ ಗಿಡ ಕಾಣುತ್ತದೆ. ಐಂಡ್‌ಹೋವನ್, ಆಮ್‌ಸ್ಟೆಲ್‌ವೇನ್‌ಗಳಲ್ಲಿ ನೆಲೆಸಿದ ನಮ್ಮವರು ಇಂಥ ಮನೆಗೆ ಬಂದ ಮೊದಲ ವಾರ ಪರದೆ ಹುಡುಕುತ್ತಾರೆ. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಪರದೆ ಸರಿಸಿ ಬಿಸಿಲು ಹುಡುಕುತ್ತಾರೆ.

ಈಗಿನ ಶ್ರೀಮಂತರ ಮನೆಗಳಿಗೆ ಬರೋಣ. ಆಮ್‌ಸ್ಟರ್‌ಡ್ಯಾಮ್‌ನ ಆಗ್ನೇಯಕ್ಕೆ, ಮರಗಳು ದಟ್ಟವಾಗಿರುವ ಖೋಯ್ ಪ್ರದೇಶದಲ್ಲಿ ಬೆನ್ ವ್ಯಾನ್ ಬೆರ್ಕೆಲ್ ವಿನ್ಯಾಸದ ಮೋಬಿಯಸ್ ಮನೆ 1998ರಲ್ಲಿ ಮುಗಿಯಿತು. ಮನೆಯಲ್ಲೇ ಕೆಲಸ ಮಾಡುವ ದಂಪತಿಗಾಗಿ ಕಟ್ಟಿದ್ದು. ನಿದ್ದೆ, ಕೆಲಸ, ಊಟ, ಮಾತು ಎಲ್ಲವೂ ಎಂಟರ ಆಕಾರದ ಒಂದೇ ಹಾದಿಯಲ್ಲಿ ಹೆಣೆದುಕೊಂಡಿವೆ. ಕಾಂಕ್ರೀಟು ಗೋಡೆಯಾಗಿ ಶುರುವಾದದ್ದು ಮೇಜಾಗಿ ಮುಗಿಯುತ್ತದೆ; ಗಾಜು ಹೊರಗಿನಿಂದ ಬಂದು ಒಳಗಿನ ಗೋಡೆಯಾಗುತ್ತದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುವುದೇ ಕಾಡಿನಲ್ಲಿ ಒಂದು ಸುತ್ತು ಹಾಕಿದಂತೆ ಇರಬೇಕೆಂಬುದು ಯೋಚನೆ. ಏಡ ಊರಿನ ಬಳಿಯ ಕಾಡಿನಲ್ಲಿ ಪವರ್‌ಹೌಸ್ ಕಂಪನಿ ಎಂಬ ವಾಸ್ತುಸಂಸ್ಥೆ 2008ರಲ್ಲಿ ಮುಗಿಸಿದ ‘ವಿಲ್ಲಾ 1’ ಇನ್ನೊಂದು ರೀತಿಯದು. ನೆಲದ ಮೇಲೆ ಎಷ್ಟು ಕಟ್ಟಬಹುದು ಎಂಬುದಕ್ಕೆ ಅಲ್ಲಿ ಕಟ್ಟುನಿಟ್ಟಿನ ಮಿತಿಯಿತ್ತು. ಹಾಗಾಗಿ ಅರ್ಧ ಮನೆ ನೆಲದಡಿಗೆ ಹೋಯಿತು. ಮೇಲೆ ಉಳಿದದ್ದು ಮೂರು ಕೈ ಚಾಚಿದ ಗಾಜಿನ ಮನೆ, ಮೂರು ಕಡೆಯೂ ಮರ.

ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ದಕ್ಷಿಣದ ಝೀಲ್ಯಾಂಡ್ ಪ್ರಾಂತದ ನೋರ್ಡ್ ಬೆವೆಲಂಡ್‌ನಲ್ಲಿರುವ ವಿಲ್ಲಾ ಕೋಗೆಲ್‌ಹೋಫ್. ವಾಸ್ತುಶಿಲ್ಪಿ ಪಾಲ್ ಡಿ ರೂಯ್ಟರ್. ಮನೆ 2013ರಲ್ಲಿ ಮುಗಿಯಿತು, ಆದರೆ ಕೆಲಸ ಶುರುವಾದದ್ದು ಮರಗಳಿಂದ. ಬೇಸಾಯದಲ್ಲಿದ್ದ ಸುಮಾರು 25 ಹೆಕ್ಟೇರ್ ನೆಲವನ್ನು ಮತ್ತೆ ನಿಸರ್ಗಕ್ಕೆ ಮರಳಿಸಿದರೆ ಮಾತ್ರ ಮನೆ ಕಟ್ಟಲು ಅನುಮತಿ ಎಂಬ ಷರತ್ತು ಇತ್ತು. ಮೊದಲು ಎಪ್ಪತ್ತು ಸಾವಿರಕ್ಕೂ ಹೆಚ್ಚು ಎಳೆ ಮರಗಳನ್ನು ನೆಟ್ಟರು. ಆಯತಾಕಾರದ ಕೊಳ ತೋಡಿದರು. ಮರಗಳು ಬೇರು ಬಿಟ್ಟ ಮೇಲೆ ಮನೆ ಬಂತು. ಕಾರು, ಉಗ್ರಾಣ, ಕೆಲಸದ ಜಾಗ ನೆಲದಡಿಯಲ್ಲಿ. ಅದರ ಮೇಲೆ, ಓರೆ ಕಂಬಗಳ ಮೇಲೆ ತೇಲುವ ಉದ್ದನೆಯ ಗಾಜಿನ ಪೆಟ್ಟಿಗೆ. ಕೊಳದ ನೀರು ಗಾಜಿನ ಕೆಳಗೆ ಆಕಾಶವನ್ನು ಹಿಡಿದಿರುತ್ತದೆ. ಒಳಗೆ ಕುಳಿತವರಿಗೆ ಕಾಣುವುದು ನೀರು, ಹುಲ್ಲು, ಎಳೆಗಾಡು. ತನಗೆ ಬೇಕಾದ ಶಕ್ತಿಯನ್ನು ತಾನೇ ಉತ್ಪಾದಿಸಿಕೊಳ್ಳುವಂತೆ ಈ ಮನೆಯನ್ನು ರೂಪಿಸಿದ್ದಾರೆ.

ಹೀಗೆ ನೆಲವನ್ನು ನಿಸರ್ಗಕ್ಕೆ ಮರಳಿಸುವುದು ಒಬ್ಬ ಸಿರಿವಂತನ ಔದಾರ್ಯದ ಮಾತಲ್ಲ, ಹಿಂದೆ ಕಾನೂನಿನ ಬಲವಿದೆ. 1928ರಲ್ಲೇ ಡಚ್ಚರು ನಿಸರ್ಗಸೌಂದರ್ಯ ಕಾಯ್ದೆ ತಂದರು. ಕನಿಷ್ಠ 5 ಹೆಕ್ಟೇರ್ ಇರುವ, ಅದರಲ್ಲಿ ಶೇಕಡ 30ರಷ್ಟಾದರೂ ಕಾಡು ಅಥವಾ ನಿಸರ್ಗವಾಗಿ ಉಳಿದಿರುವ ಎಸ್ಟೇಟುಗಳಿಗೆ ತೆರಿಗೆಯಲ್ಲಿ ರಿಯಾಯಿತಿ. ಸಾರ್ವಜನಿಕರು ಒಳಗೆ ನಡೆದಾಡಲು ಬಿಟ್ಟರೆ ಇನ್ನೂ ಹೆಚ್ಚು. ಅಂದರೆ ನೋಟದ ಒಡೆಯ ಆ ನೋಟವನ್ನು ದಾರಿಹೋಕನ ಜೊತೆ ಹಂಚಿಕೊಂಡರೆ ಸರ್ಕಾರ ಅದಕ್ಕೆ ಬೆಲೆ ಕೊಡುತ್ತದೆ. ಇದರ ಜೊತೆಗೆ ಪ್ರತಿ ತುಂಡು ನೆಲದಲ್ಲೂ ಏನು ಕಟ್ಟಬಹುದು, ಎಷ್ಟೆತ್ತರ ಕಟ್ಟಬಹುದು ಎಂಬುದನ್ನು ಸ್ಥಳೀಯ ಆಡಳಿತದ ಯೋಜನೆ ಮೊದಲೇ ಹೇಳಿರುತ್ತದೆ. ಮನೆಯ ರೂಪ ಸುತ್ತಲಿನ ಪರಿಸರಕ್ಕೆ ಒಗ್ಗುತ್ತದೆಯೇ ಎಂದು ನೋಡಲು ಅನೇಕ ಊರುಗಳಲ್ಲಿ ಸಮಿತಿಯೂ ಇದೆ.

ಗಾಜಿಗೂ ಲೆಕ್ಕ ಕೇಳುತ್ತಾರೆ. 2018ರ ಜುಲೈಯಿಂದ ಹೊಸ ಮನೆಗಳಿಗೆ ಅನಿಲದ ಸಂಪರ್ಕವಿಲ್ಲ. 2021ರ ಜನವರಿಯಿಂದ ಹೊಸ ಕಟ್ಟಡಗಳು ಬಳಸುವ ಶಕ್ತಿ ಸೊನ್ನೆಯ ಹತ್ತಿರ ಇರಬೇಕು. ಬೇಸಿಗೆಯಲ್ಲಿ ಮನೆ ಮಿತಿಮೀರಿ ಕಾಯುವುದಿಲ್ಲವೆಂದು ನಕ್ಷೆಯ ಹಂತದಲ್ಲೇ ತೋರಿಸಬೇಕು. ಆದ್ದರಿಂದ ಮೂರು ಪದರದ ಗಾಜು, ಗಾಜಿನ ಹೊರಗೆ ಇಳಿಯುವ ಜಾಲರಿ, ಬೇಸಿಗೆಯ ಎತ್ತರದ ಸೂರ್ಯನನ್ನು ತಡೆದು ಚಳಿಗಾಲದ ತಗ್ಗು ಸೂರ್ಯನನ್ನು ಒಳಗೆ ಬಿಡುವ ಸೂರು, ಎಲ್ಲವೂ ವಿನ್ಯಾಸದ ಒಳಗೇ ಬರುತ್ತವೆ. ಹಜಾರದ ನೆಲ ಮತ್ತು ಹೊರಗಿನ ಕಟ್ಟೆ ಒಂದೇ ಮಟ್ಟದಲ್ಲಿ, ಹೊಸ್ತಿಲು ಎಡವದಂತೆ ಸಾಗುವುದು ನೋಡಲು ಸರಳ. ಮಳೆನೀರು ಒಳಗೆ ಬಾರದಂತೆ ಆ ಸರಳತೆಯನ್ನು ಸಾಧಿಸುವುದರಲ್ಲೇ ಎಂಜಿನಿಯರನ ಅರ್ಧ ಪ್ರಾಣ ಹೋಗುತ್ತದೆ.

ಇಂಥ ಮನೆಗಳ ಚಿತ್ರ ನೋಡಿ ಬೆಂಗಳೂರಿನ ಹೊರವಲಯದಲ್ಲಿ, ಸಕಲೇಶಪುರ, ಚಿಕ್ಕಮಗಳೂರಿನ ಇಳಿಜಾರುಗಳಲ್ಲಿ ಗಾಜಿನ ವಿಲ್ಲಾಗಳು ಏಳುತ್ತಿವೆ. ನಮ್ಮ ಸೂರ್ಯ ನೆತ್ತಿಯ ಮೇಲೆ ಬರುವವನು, ನಮ್ಮ ಮಳೆ ಅಡ್ಡಡ್ಡ ಬೀಸುವುದು. ಒಳಗಿನ ಬದುಕನ್ನು ಹೊರಗಿಗೆ ಜೋಡಿಸಲು ಮಲೆನಾಡಿನ ಜಗಲಿ, ಕೊಡಗಿನ ಐನ್‌ಮನೆಯ ಮುಂಚಾಚು, ತೊಟ್ಟಿಮನೆಯ ಅಂಗಳ ಕಂಡುಕೊಂಡ ದಾರಿ ನೆರಳಿನದು. ಡಚ್ಚರಿಂದ ಗಾಜನ್ನು ತರುವ ಅಗತ್ಯ ನಮಗೆ ಅಷ್ಟಾಗಿಲ್ಲ. ತರಬೇಕಾದದ್ದು ಕೋಗೆಲ್‌ಹೋಫ್‌ನ ಷರತ್ತನ್ನು: ಮೊದಲು ಮರ, ಆಮೇಲೆ ಮನೆ. ಗುಡ್ಡ ಕಡಿದು ಸಮತಟ್ಟು ಮಾಡಿ, ಉಳಿದ ಗುಡ್ಡದ ಕಡೆಗೆ ಕಿಟಕಿ ಇಟ್ಟರೆ ಮುಂದಿನ ಮಳೆಗಾಲ ಏನು ಮಾಡುತ್ತದೆ ಎಂಬುದನ್ನು 2018ರಲ್ಲಿ ಕೊಡಗಿನ ಭೂಕುಸಿತ ನಮಗೆ ತೋರಿಸಿದೆ. ಕೆರೆಯ ನೋಟವಿದೆ ಎಂದು ಫ್ಲ್ಯಾಟಿಗೆ ಹೆಚ್ಚು ಬೆಲೆ ತೆತ್ತವರು, ಆ ಕೆರೆಗೆ ನೀರು ತರುವ ರಾಜಕಾಲುವೆ ಎಲ್ಲಿದೆ ಎಂದೂ ಕೇಳಬೇಕು.

ನೋಟಕ್ಕಾಗಿ ನಿವೇಶನ ಕೊಳ್ಳುವವರಲ್ಲಿ ಒಂದು ಕೋರಿಕೆ. ಕಿಟಕಿಯ ಅಳತೆ ಗುರುತು ಮಾಡುವ ಮೊದಲು ಎದುರಿನ ಜಮೀನು ಯಾರದ್ದು ಎಂದು ಪಹಣಿ ತೆಗೆಸಿ ನೋಡಿ. ಯೋಜನಾ ಪ್ರಾಧಿಕಾರಕ್ಕೆ ಹೋಗಿ ಮಹಾಯೋಜನೆಯ ನಕ್ಷೆಯಲ್ಲಿ ಅದು ಹಸಿರು ವಲಯವೋ, ವಸತಿಯೋ, ರಸ್ತೆಗೆ ಗುರುತಾಗಿದೆಯೋ ತಿಳಿದುಕೊಳ್ಳಿ. ಹಸಿರಾಗಿದ್ದರೆ, ಅದನ್ನು ಬದಲಿಸುವ ಪ್ರಸ್ತಾವ ಬಂದ ದಿನ ನಿಮ್ಮ ಆಕ್ಷೇಪಣೆಯನ್ನು ಲಿಖಿತವಾಗಿ ಕೊಡಿ.