ಪುಷ್ಟಿಯ ಪುಡಿಯೂ ಸರಪಳಿ ವ್ಯಾಪಾರವೂ

ಈಚೆಗೆ ನಮ್ಮ ಊರುಗಳಲ್ಲಿ ಒಂದು ಹೊಸ ವಾಡಿಕೆಯು ಕಾಣಿಸಿಕೊಂಡಿದೆ. ಮನೆಗೆ ಬಂದ ನಂಟರು ಕುಶಲಪ್ರಶ್ನೆಯನ್ನು ಮುಗಿಸಿ, ಕೊಟ್ಟ ಕಾಫಿಯನ್ನು ಕುಡಿದ ಮೇಲೆ, ಚೀಲದಿಂದ ಒಂದು ಡಬ್ಬಿಯನ್ನು ತೆಗೆದು ಮೇಜಿನ ಮೇಲಿಡುತ್ತಾರೆ. ಅದರಲ್ಲಿ ಪುಷ್ಟಿಯ ಪುಡಿಯೋ, ಜೀವಸತ್ವಗಳ ಗುಳಿಗೆಯೋ, ಗಿಡಮೂಲಿಕೆಯ ರಸವೋ ಇರುತ್ತದೆ. ಅದನ್ನು ಅವರ ಮುಖಾಂತರವೇ ಕೊಳ್ಳಬೇಕು. ಕೊಂಡವರು ತಾವೂ ಸದಸ್ಯರಾಗಿ ಇನ್ನಷ್ಟು ಮಂದಿಯನ್ನು ಸೇರಿಸಿದರೆ, ಆ ಮಂದಿ ಕೊಳ್ಳುವುದರಲ್ಲಿ ಒಂದು ಪಾಲು ಇವರಿಗೆ ಬರುತ್ತದೆ. ಇದಕ್ಕೆ ಮಲ್ಟಿಲೆವೆಲ್ ಮಾರ್ಕೆಟಿಂಗ್ ಎಂದು ಹೆಸರು. ಜನರು ಚೈನ್ ವ್ಯಾಪಾರವೆನ್ನುತ್ತಾರೆ. ನಾವು ಸರಪಳಿ ವ್ಯಾಪಾರವೆಂದು ಕರೆಯೋಣ. ಈ ಆಹಾರಪೂರಕಗಳು ಕೊಟ್ಟ ಹಣಕ್ಕೆ ತಕ್ಕವುಗಳೇ ಎಂಬುದು ಗೃಹಸ್ಥರೂ ಗೃಹಿಣಿಯರೂ ಶಾಂತಚಿತ್ತದಿಂದ ವಿಚಾರಿಸತಕ್ಕ ವಿಷಯವಾಗಿದೆ.

ನನಗೆ ಈ ವಿಚಾರವು ಹುಟ್ಟಿದುದು ಹೀಗೆ. ಕಳೆದ ವರ್ಷ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಕಾರ್ಖಾನೆಯ ಕೆಲಸವು ಹೋಗಿ ಕಷ್ಟದಲ್ಲಿದ್ದನು. ಕಾಲಿಗೆರಗಿ ಕುಳಿತು, ಡಬ್ಬಿಯನ್ನು ಮುಂದಿಟ್ಟು, “ಮೇಷ್ಟ್ರೆ, ಅಮ್ಮನವರು ಇದನ್ನು ಮೂರು ತಿಂಗಳು ತೆಗೆದುಕೊಳ್ಳಲಿ. ಸಕ್ಕರೆ ತಾನಾಗಿಯೇ ಇಳಿಯುತ್ತದೆ. ಆಮೇಲೆ ಮಾತ್ರೆಯ ಗೋಜೇ ಬೇಡ” ಎಂದನು. ನನ್ನ ಮನೆಯವರಿಗೆ ಹತ್ತು ವರ್ಷಗಳಿಂದ ಮಧುಮೇಹವುಂಟು. ಹುಡುಗನ ಮುಖವನ್ನು ನೋಡಿ, ಪುಡಿಯ ಮೇಲಿನ ನಂಬಿಕೆಯಿಂದಲ್ಲ, ಅವನ ಮೇಲಿನ ಮಮತೆಯಿಂದ, 1,900 ರೂಪಾಯಿ ಕೊಟ್ಟು ಅರ್ಧ ಕಿಲೋ ಪುಡಿಯನ್ನು ಕೊಂಡೆನು. ಮರುತಿಂಗಳು ಇನ್ನೊಂದು ಡಬ್ಬಿ ಬಂದಿತು. ಮೂರನೆಯ ತಿಂಗಳಲ್ಲಿ ಮನೆಯವರಿಗೆ ತಲೆ ಸುತ್ತು, ಬಾಯಾರಿಕೆ ಹೆಚ್ಚಾದುವು. ವೈದ್ಯರು ರಕ್ತವನ್ನು ಪರೀಕ್ಷಿಸಿ ಕಾರಣವನ್ನು ಕೇಳಿದಾಗ ಸಂಗತಿಯು ಹೊರಬಿದ್ದಿತು: ಪುಡಿಯನ್ನು ನಂಬಿ ಆಕೆಯು, ನನಗೂ ತಿಳಿಸದೆ, ರಾತ್ರಿಯ ಮಾತ್ರೆಯನ್ನು ಬಿಟ್ಟುಬಿಟ್ಟಿದ್ದಳು!

ಆ ರಾತ್ರಿ ಮನೆಗೆ ಬಂದು ಭೂತಗನ್ನಡಿಯನ್ನು ಹಿಡಿದು ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದಿದೆನು. ‘ಔಷಧೀಯ ಉಪಯೋಗಕ್ಕಲ್ಲ’ ಎಂಬ ಅರ್ಥದ ವಾಕ್ಯವು ಅಲ್ಲಿಯೇ ಅಚ್ಚಾಗಿತ್ತು. ಆಹಾರಪೂರಕಗಳ ಮೇಲೆ ಈ ಎಚ್ಚರಿಕೆಯನ್ನು ಮುದ್ರಿಸಬೇಕೆಂಬುದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಮಧುಮೇಹ, ಅರ್ಬುದ ಮೊದಲಾದ ರೋಗಗಳನ್ನು ಗುಣಪಡಿಸುವೆವೆಂಬ ಜಾಹೀರಾತುಗಳನ್ನು 1954ರ ಒಂದು ಕಾಯಿದೆಯೇ ನಿಷೇಧಿಸಿದೆ. ಆದುದರಿಂದ ಡಬ್ಬಿಯು ಸುಳ್ಳಾಡುವುದಿಲ್ಲ. ಆಡತಕ್ಕ ಮಾತನ್ನೆಲ್ಲ ಡಬ್ಬಿಯನ್ನು ತಂದವರ ಬಾಯಿಗೆ ಬಿಟ್ಟಿರುತ್ತದೆ. ಅಚ್ಚಿನ ಮಾತಿಗೆ ಹೊಣೆಗಾರರುಂಟು. ಪಡಸಾಲೆಯಲ್ಲಿ ಕುಳಿತು ಆಡಿದ ಮಾತಿಗೆ ಹೊಣೆ ಯಾರು?

ಮೊದಲು ಪದಾರ್ಥದ ಗುಣವನ್ನು ನೋಡೋಣ. ಆ ಪುಡಿಯ ಮುಖ್ಯಾಂಶವು ಸಸಾರಜನಕ, ಎಂದರೆ ಪ್ರೋಟೀನು. ಹತ್ತು ಗ್ರಾಂ ಪುಡಿಯಲ್ಲಿ 8 ಗ್ರಾಂ ಪ್ರೋಟೀನು ಇದೆಯೆಂದು ಡಬ್ಬಿಯು ಹೇಳುತ್ತದೆ. ಅದು ನಿಜವೇ ಇರಬಹುದು. ಆ ಹತ್ತು ಗ್ರಾಂಗೆ ಬೀಳುವ ಬೆಲೆ 38 ರೂಪಾಯಿ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇರುವುದರಿಂದ, ಅದೇ 8 ಗ್ರಾಂ ಮೂವತ್ತಾರು ಗ್ರಾಂ ಬೇಳೆಯಿಂದ ದೊರೆಯುತ್ತದೆ. ನಾನು ಕಿಲೋವಿಗೆ 150 ರೂಪಾಯಿಯಂತೆ ಕೊಂಡ ಬೇಳೆಯಲ್ಲಿ ಅದರ ಬೆಲೆ ಐದೂವರೆ ರೂಪಾಯಿಗಿಂತ ಹೆಚ್ಚಾಗದು. ದೊಡ್ಡ ಲೋಟ ಹಾಲಿನಲ್ಲಿಯೂ ಅಷ್ಟೇ ಪ್ರೋಟೀನು ಉಂಟು. ಬೇಳೆಯ ಪ್ರೋಟೀನು ಕೀಳುತರದ್ದೆಂದು ಕೆಲವರು ಹೇಳುತ್ತಾರೆ. ಬೇಳೆಯೊಂದನ್ನೇ ತಿಂದರೆ ಒಂದು ಅಂಶವು ಕೊರೆಯಾಗುವುದು ದಿಟ. ಧಾನ್ಯವೊಂದನ್ನೇ ತಿಂದರೆ ಮತ್ತೊಂದು ಅಂಶವು ಕೊರೆಯಾಗುವುದು. ಎರಡನ್ನೂ ಕೂಡಿಸಿ ಉಂಡರೆ ಒಂದರ ಕೊರೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆಗೆ ಹುರುಳಿಸಾರನ್ನೂ ಅನ್ನಕ್ಕೆ ಹುಳಿಯನ್ನೂ ಜೊತೆಮಾಡಿದ ನಮ್ಮ ಹಿರಿಯರು ಈ ಶಾಸ್ತ್ರವನ್ನು ಓದಿರಲಿಲ್ಲ. ಆದರೂ ಅವರ ತಟ್ಟೆಯು ಶಾಸ್ತ್ರಸಮ್ಮತವಾಗಿತ್ತು.

ನಮಗೆ ದಿನಕ್ಕೆ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ, ಆರೋಗ್ಯವಂತರಾದ ವಯಸ್ಕರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನು ಸಾಕು. ಅರುವತ್ತು ಕಿಲೋ ತೂಕದವರಿಗೆ ಸುಮಾರು 50 ಗ್ರಾಂ ಆಯಿತು. ಮುನ್ನೂರು ಗ್ರಾಂ ಅಕ್ಕಿ ರಾಗಿಗಳು, ಎಂಬತ್ತು ಗ್ರಾಂ ಬೇಳೆಕಾಳು, ಮುನ್ನೂರು ಮಿಲಿಲೀಟರ್ ಹಾಲುಮೊಸರು—ಇಷ್ಟರಿಂದಲೇ ಆ ಪ್ರಮಾಣವು ಬಹುಮಟ್ಟಿಗೆ ತುಂಬುತ್ತದೆ. ನಮ್ಮ ಅನೇಕ ಮನೆಗಳಲ್ಲಿ ಅನ್ನವು ಹೆಚ್ಚಾಗಿ ಬೇಳೆಯು ತೆಳ್ಳಗಾಗಿರುವುದನ್ನು ನಾನು ಬಲ್ಲೆನು. ಅದಕ್ಕೆ ಪರಿಹಾರವು ಸಾರಿನ ಪಾತ್ರೆಗೆ ಇನ್ನೊಂದು ಹಿಡಿ ಬೇಳೆಯನ್ನು ಹಾಕುವುದೇ ಹೊರತು ಡಬ್ಬಿಯಲ್ಲ. ಅದೇ ಸಂಸ್ಥೆಗಳು 2024ರಲ್ಲಿ ಹೊರಡಿಸಿದ ಆಹಾರಸೂತ್ರಗಳಲ್ಲಿ, ಮೈ ಬೆಳೆಸುವುದಕ್ಕಾಗಿ ಪ್ರೋಟೀನು ಪುಡಿಗಳನ್ನು ಸೇವಿಸಬಾರದೆಂದು ಹೇಳಿವೆ. ಮೂತ್ರಪಿಂಡಗಳ ದೌರ್ಬಲ್ಯವುಳ್ಳವರಿಗಂತೂ ಅತಿಯಾದ ಪ್ರೋಟೀನು ಅಪಾಯಕರ. ಮಧುಮೇಹಿಗಳಲ್ಲಿ ಆ ದೌರ್ಬಲ್ಯವು ಅಪರೂಪವಲ್ಲ.

ಜೀವಸತ್ವಗಳ ಗುಳಿಗೆಗಳ ವಿಷಯದಲ್ಲಿಯೂ ವಿವೇಕವು ಬೇಕು. ಹೆಚ್ಚಾದರೆ ನಷ್ಟವೇನೆಂದು ಕೇಳುವವರುಂಟು. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಗಜ್ಜರಿಗೆ ಬಣ್ಣವನ್ನು ಕೊಡುವ ಬೀಟಾ ಕ್ಯಾರೊಟೀನನ್ನು ಗುಳಿಗೆಯಾಗಿ ನುಂಗಿದವರಲ್ಲಿ ಶ್ವಾಸಕೋಶದ ಅರ್ಬುದವು ಕಡಮೆಯಾಗುವುದರ ಬದಲು ಶೇಕಡ 18ರಷ್ಟು ಹೆಚ್ಚಾಯಿತು. ಗಜ್ಜರಿಯನ್ನು ತಿಂದು ಹೀಗಾದವರಿಲ್ಲ. ಹಾಗೆಂದು ಗುಳಿಗೆಗಳೆಲ್ಲವೂ ನಿರರ್ಥಕವೆಂದು ನಾನು ಹೇಳುವುದಿಲ್ಲ. ಗರ್ಭಿಣಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಗಳು ಅತ್ಯಾವಶ್ಯಕ. ಅವು ಸರಕಾರದ ಆರೋಗ್ಯಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ-12 ಜೀವಸತ್ವವು ಕುಂದಬಹುದು. ಬಿಸಿಲು ಕಾಣದ ವೃದ್ಧರಲ್ಲಿ ಡಿ ಜೀವಸತ್ವವು ಕುಂದಬಹುದು. ಆದರೆ ಇವೆಲ್ಲ ರಕ್ತಪರೀಕ್ಷೆಯಿಂದ ತಿಳಿಯತಕ್ಕವು. ತಿಳಿದ ಮೇಲೆ ಔಷಧದ ಅಂಗಡಿಯಲ್ಲಿ ಅಲ್ಪಬೆಲೆಗೆ ದೊರೆಯತಕ್ಕವು. ಕೊರತೆಯಿದೆಯೆಂಬುದನ್ನು ನಿರ್ಣಯಿಸುವವರು ವೈದ್ಯರಾಗಬೇಕೇ ಹೊರತು, ಮಾರಾಟವಾಗದಿದ್ದರೆ ಮನೆ ನಡೆಯದೆಂಬ ಇಕ್ಕಟ್ಟಿನಲ್ಲಿರುವವರಲ್ಲ.

ಹಾಗಾದರೆ ಈ ಡಬ್ಬಿಗಳಿಗೆ ಇಷ್ಟು ಬೆಲೆ ಏಕೆ? ಅದನ್ನು ತಿಳಿಯಲು ಈ ವ್ಯಾಪಾರದ ಹುಟ್ಟನ್ನು ನೋಡಬೇಕು. ಅಮೆರಿಕೆಯ ಕಾರ್ಲ್ ರೆನ್‌ಬೋರ್ಗ್ ಎಂಬವರು 1934ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆಹಾರಪೂರಕಗಳನ್ನು ತಯಾರಿಸುವ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. 1939ರಲ್ಲಿ ಅದಕ್ಕೆ ನ್ಯೂಟ್ರಿಲೈಟ್ ಎಂಬ ಹೆಸರಾಯಿತು. 1945ರಲ್ಲಿ ಅದರ ಮಾರಾಟವನ್ನು ವಹಿಸಿಕೊಂಡವರು, ಮಾರುವವನು ತಾನು ಸೇರಿಸಿದವರ ಮಾರಾಟದಲ್ಲಿಯೂ ಪಾಲನ್ನು ಪಡೆಯುವ ಕ್ರಮವನ್ನು ತಂದರು. 1949ರಲ್ಲಿ ಆ ಮಾರಾಟಕ್ಕೆ ಸೇರಿದ ಇಬ್ಬರು ಗೆಳೆಯರು 1959ರಲ್ಲಿ ಆಮ್‌ವೇ ಎಂಬ ಸಂಸ್ಥೆಯನ್ನು ಕಟ್ಟಿದರು. ಹೀಗೆ ಸರಪಳಿಯೂ ಪುಷ್ಟಿಯ ಗುಳಿಗೆಯೂ ಬಹುಕಾಲದ ಒಡನಾಡಿಗಳು. ಇದಕ್ಕೆ ಕಾರಣವೂ ಉಂಟು. ಕೊಡವನ್ನು ಕೊಂಡರೆ ಅದು ಸೋರುವುದೋ ಇಲ್ಲವೋ ಅದೇ ದಿನ ತಿಳಿಯುತ್ತದೆ. ಪುಷ್ಟಿಯು ಬಂದಿತೇ ಎಂಬುದು ತಿಳಿಯದು. ಕೊಡವು ವರ್ಷಗಟ್ಟಲೆ ಬರುತ್ತದೆ. ಗುಳಿಗೆಯು ತಿಂಗಳಿಗೆ ಮುಗಿಯುತ್ತದೆ. ಸರಪಳಿಯಲ್ಲಿ ಮೇಲಿರುವವರಿಗೆಲ್ಲ ಪಾಲು ಸಲ್ಲಬೇಕಾದರೆ, ಆ ಪಾಲುಗಳೆಲ್ಲವೂ ಡಬ್ಬಿಯ ಬೆಲೆಯೊಳಗೇ ಅಡಗಿರಬೇಕಲ್ಲವೆ?

ಇನ್ನು ಸೇರಿದವರಿಗೆ ಲಾಭವುಂಟೇ ಎಂಬುದು. ಇದು ನಾನು ಮಕ್ಕಳಿಗೆ ಕಲಿಸುತ್ತಿದ್ದ ಲೆಕ್ಕವೇ ಆಗಿದೆ. ಒಬ್ಬನು ಆರು ಮಂದಿಯನ್ನು ಸೇರಿಸಲಿ; ಆ ಆರು ಮಂದಿಯೂ ಆರಾರು ಮಂದಿಯನ್ನು ಸೇರಿಸಲಿ. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ ಇಂತಹ ಗುಣೋತ್ತರ ಶ್ರೇಢಿಯ ಗಣಿತವಿದೆ. ಆರು, ಮೂವತ್ತಾರು, ಇನ್ನೂರ ಹದಿನಾರು ಎಂದು ಬೆಳೆದು ಹತ್ತನೆಯ ಮೆಟ್ಟಿಲಿನಲ್ಲಿ 6,04,66,176 ಮಂದಿಯಾಗುತ್ತಾರೆ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆಯೇ 6 ಕೋಟಿ 11 ಲಕ್ಷ. ಹನ್ನೆರಡನೆಯ ಮೆಟ್ಟಿಲಿಗೆ ಭಾರತವೇ ಸಾಲದು. ಇನ್ನೊಂದು ವಿಶೇಷವನ್ನು ಗಮನಿಸಿರಿ. ಸರಪಳಿಯು ಯಾವ ಮೆಟ್ಟಿಲಿನಲ್ಲಿ ನಿಂತರೂ, ಸೇರಿದವರಲ್ಲಿ ಆರರಲ್ಲಿ ಐದು ಪಾಲು ಮಂದಿ ಕಟ್ಟಕಡೆಯ ಮೆಟ್ಟಿಲಿನಲ್ಲಿಯೇ ಇರುತ್ತಾರೆ. ಅವರ ಕೆಳಗೆ ಯಾರೂ ಇರುವುದಿಲ್ಲ. ಇದು ಅವರ ಸೋಮಾರಿತನದ ಫಲವಲ್ಲ, ಗಣಿತದ ಫಲ. ಸಭೆಗಳಲ್ಲಿ ಮಾತ್ರ, ಗೆಲ್ಲದವನು ದುಡಿಯಲಿಲ್ಲವೆಂದೇ ಬೋಧಿಸುತ್ತಾರೆ.

ನನ್ನ ಶಿಷ್ಯನನ್ನು ಕರೆಯಿಸಿ, ಬೈಯದೆ, ಒಂದು ಹಾಳೆಯಲ್ಲಿ ಅವನ ಲೆಕ್ಕವನ್ನು ಬರೆಯಿಸಿದೆನು. ಎಂಟು ತಿಂಗಳಲ್ಲಿ ಕೊಂಡ ಸರಕು 52,000 ರೂಪಾಯಿ. ಮಾರಿ ಬಂದುದು 24,000. ಪಾಲಿನ ಹಣ 6,500. ಓಡಾಟದ ಖರ್ಚನ್ನು ಬಿಟ್ಟೂ ನಷ್ಟವು 21,500. ಮಾರದ ಡಬ್ಬಿಗಳು ಮಂಚದ ಕೆಳಗೆ ಇದ್ದುವು. ಹೆಂಡತಿಯ ಬಳೆಗಳು ಅಡವಿನಲ್ಲಿದ್ದುವು. ತಿಂಗಳಿಗೆ ಇಷ್ಟು ಕೊಳ್ಳದಿದ್ದರೆ ದರ್ಜೆಯು ಹೋಗುವುದೆಂಬ ಭಯದಿಂದ ಅವನೇ ಕೊಂಡು ಕೊಂಡು ಇಟ್ಟಿದ್ದನು. “ಮೇಷ್ಟ್ರೆ, ಅಮ್ಮನವರಿಗೆ ಹೀಗಾಗುವುದೆಂದು ನನಗೆ ಗೊತ್ತಿರಲಿಲ್ಲ. ನಮ್ಮ ತಾಯಿಗೂ ಅದನ್ನೇ ಕೊಡುತ್ತಿದ್ದೇನೆ” ಎಂದು ಅತ್ತನು. ಅವನು ನನ್ನನ್ನು ವಂಚಿಸಲು ಬಂದವನಲ್ಲ. ನನಗಿಂತ ಮೊದಲು ವಂಚಿತನಾದವನು. “ನಾಳೆಯೇ ನಿಮ್ಮ ತಾಯಿಯನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಪ್ಪ, ಡಬ್ಬಿಯ ಮಾತು ಆಮೇಲೆ” ಎಂದೆನು.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಜನರನ್ನು ಸೇರಿಸುವುದರಿಂದಲೇ ಹಣವನ್ನು ಹುಟ್ಟಿಸುವ ಯೋಜನೆಗಳನ್ನು 1978ರ ಕಾಯಿದೆಯು ನಿಷೇಧಿಸಿದೆ. ನೇರಮಾರಾಟವು ಸ್ವತಃ ಅಪರಾಧವಲ್ಲ; ಆದರೆ 2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮಗಳಂತೆ ಸೇರುವವರಿಂದ ಪ್ರವೇಶಶುಲ್ಕವನ್ನು ತೆಗೆದುಕೊಳ್ಳಕೂಡದು; ಮಾರುವವರು ಗುರುತಿನ ಚೀಟಿಯಿಲ್ಲದೆ, ಮುಂದಾಗಿ ಒಪ್ಪಿಗೆ ಪಡೆಯದೆ ಮನೆಗೆ ಬರಕೂಡದು. ಅಮೆರಿಕೆಯಲ್ಲಿಯೂ ಹರ್ಬಲೈಫ್ ಸಂಸ್ಥೆಯು 2016ರಲ್ಲಿ ಅಲ್ಲಿನ ವ್ಯಾಪಾರ ಆಯೋಗದೊಡನೆ ರಾಜಿ ಮಾಡಿಕೊಂಡು 20 ಕೋಟಿ ಡಾಲರುಗಳನ್ನು ತೆರಲೂ, ತನ್ನ ವ್ಯಾಪಾರಕ್ರಮವನ್ನು ಬದಲಾಯಿಸಲೂ ಒಪ್ಪಬೇಕಾಯಿತು.

ಆದುದರಿಂದ ಡಬ್ಬಿಯು ಮನೆಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಇದು ನನಗೆ ಬೇಕೆಂದು ವೈದ್ಯರು ಹೇಳಿದರೇ? ಇದೇ ಅಂಶವು ಅಂಗಡಿಯಲ್ಲಿ ಅಥವಾ ಅಡಿಗೆಮನೆಯಲ್ಲಿ ಯಾವ ಬೆಲೆಗೆ ದೊರೆಯುತ್ತದೆ? ತಂದವರು ನಂಟರಲ್ಲದಿದ್ದರೆ ನಾನು ಇದನ್ನು ಕೊಳ್ಳುತ್ತಿದ್ದೆನೇ? ಈ ಮೂರರಲ್ಲಿ ಒಂದಕ್ಕಾದರೂ ಸಮಾಧಾನಕರವಾದ ಉತ್ತರವು ಬಾರದಿದ್ದರೆ ಕೊಳ್ಳದಿರುವುದೇ ಲೇಸು. ವೈದ್ಯರು ಕೊಟ್ಟ ಮಾತ್ರೆಯನ್ನಂತೂ ಯಾರ ಮಾತಿನಿಂದಲೂ ಬಿಡಕೂಡದು. ಚರಕಸಂಹಿತೆಯು ದೇಹವನ್ನು ಎತ್ತಿ ನಿಲ್ಲಿಸುವ ಮೂರು ಉಪಸ್ತಂಭಗಳಲ್ಲಿ ಆಹಾರವನ್ನು ಮೊದಲು ಎಣಿಸಿತು. ಆ ಕಂಬವು ಇಂದಿಗೂ ನಮ್ಮ ಅಡಿಗೆಮನೆಯಲ್ಲಿಯೇ ಇದೆ.

ಡಬ್ಬಿಯನ್ನು ಬೇಡವೆಂದರೆ ನಂಟನ್ನೇ ಬೇಡವೆಂದಂತಾಗುವುದೆಂಬ ಸಂಕೋಚವು ನಮ್ಮನ್ನು ಕಟ್ಟಿಹಾಕುತ್ತದೆ. ಸರಪಳಿಯ ಬಲವೂ ಇದೇ. ತಂದವರಿಗೆ ನಿಜವಾಗಿ ಹಣದ ಅಗತ್ಯವಿದ್ದರೆ ಕೈಲಾದಷ್ಟನ್ನು ಹಾಗೆಯೇ ಕೊಡೋಣ. ಕೆಲಸ ಬೇಕಾಗಿದ್ದರೆ ನಾಲ್ಕು ಕಡೆ ವಿಚಾರಿಸೋಣ. ನನ್ನ ಶಿಷ್ಯನಿಗೆ ಈಗ ಒಂದು ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸವು ದೊರೆತಿದೆ. ಸಂಬಳವು ಸ್ವಲ್ಪವೇ. ಅಡವಿಟ್ಟ ಬಳೆಗಳಲ್ಲಿ ಒಂದು ಬಿಡಿಸಿಕೊಂಡು ಬಂದಿದ್ದಾನೆ, ಇನ್ನೊಂದು ಬರಬೇಕಾಗಿದೆ.