ಹುರುಪೆಯ ಸಂದಿನ ನುಸಿ

ಸಾಕಿದ ಹಾವು ದಿನವಿಡೀ ನೀರಿನ ಬಟ್ಟಲಿನಲ್ಲೇ ಸುರುಳಿ ಸುತ್ತಿ ಮಲಗುವುದು, ಆ ನೀರಿನ ತಳದಲ್ಲಿ ಕರಿಯ ಕಣಗಳು ಸೇರುವುದು, ಕಣ್ಣಿನ ಅಂಚಿನ ಮತ್ತು ಗದ್ದದ ಸೀಳಿನ ಹುರುಪೆಗಳು ಉಬ್ಬಿದಂತೆ ಕಾಣುವುದು, ಈ ಮೂರೂ ಕೂಡಿ ಬಂದರೆ ಅದಕ್ಕೆ ನುಸಿ ಹತ್ತಿದೆಯೆಂದು ಶಂಕಿಸಬೇಕು. ಒಫಿಯೊನಿಸಸ್ ನಾಟ್ರಿಸಿಸ್ ಎಂಬ ಶಾಸ್ತ್ರೀಯ ಹೆಸರಿನ ಈ ಜೀವಿಯು ದನಕುರಿಗಳ ಉಣ್ಣಿಯ ದೂರದ ಬಂಧುವಾಗಿದ್ದು, ಸುಮಾರು ಒಂದು ಮಿಲಿಮೀಟರ್ ಉದ್ದವಿದ್ದು, ಹುರುಪೆಗಳ ಅಡಿಯ ಮೆತ್ತನೆಯ ಚರ್ಮದಿಂದ ರಕ್ತ ಹೀರುತ್ತದೆ. ನುಸಿ ಹೆಚ್ಚಿದಂತೆ ಹಾವಿಗೆ ರಕ್ತಹೀನತೆ ತಟ್ಟುತ್ತದೆ, ಪೊರೆ ಇಡಿಯಾಗಿ ಕಳಚದೆ ತುಂಡುತುಂಡಾಗಿ ಮೈಗಂಟುತ್ತದೆ.

ಭಾರತದಲ್ಲಿ ಹಾವು ಸಾಕುವುದಕ್ಕೆ ಕಾನೂನಿನ ಮಿತಿಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಾಗರಹಾವು, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಾದ್ದರಿಂದ, ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯ ಹೊಲದಲ್ಲಿ ಸಿಕ್ಕ ಹಾವಿನ ಮೈಮೇಲೆ ನುಸಿ ಕಂಡರೂ ಅದು ಅರಣ್ಯ ಇಲಾಖೆಗೆ ತಿಳಿಸಬೇಕಾದ ವಿಷಯವೇ ಹೊರತು ಮನೆಮದ್ದಿನ ವಿಷಯವಲ್ಲ. ಸಾಕಲು ಉಳಿಯುವುದು ಆಫ್ರಿಕಾ ಮೂಲದ ಬಾಲ್ ಪೈಥಾನ್‌ನಂತಹ ವಿದೇಶಿ ಜಾತಿಗಳು. ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಂತಹವನ್ನು 2024ರ ನಿಯಮಗಳ ಪ್ರಕಾರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

ಕುರಿ ಸಾಕಣೆಯ ಸೀಮೆಯಲ್ಲಿ ಉಣ್ಣಿಯ ಔಷಧಗಳು ಕೈಗೆಟಕುವಷ್ಟು ಹತ್ತಿರದಲ್ಲಿರುತ್ತವೆ, ಅಪಾಯವಿರುವುದೂ ಅಲ್ಲಿಯೇ. ಕುರಿಗೆ ಚುಚ್ಚುವ ಐವರ್ಮೆಕ್ಟಿನ್‌ನ ಶೇ. 1ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಔಷಧವಿರುತ್ತದೆ. ಹಾವಿಗೂ ಪಶುವೈದ್ಯರು ಇದನ್ನು ಕಿಲೋ ತೂಕಕ್ಕೆ 0.2 ಮಿಲಿಗ್ರಾಂ ಲೆಕ್ಕದಲ್ಲಿ ಬಳಸುವುದುಂಟು, ಆದರೆ ಅರ್ಧ ಕಿಲೋ ತೂಗುವ ಹಾವಿಗೆ ಆ ಲೆಕ್ಕದಲ್ಲಿ ಬೇಕಾಗುವುದು 0.01 ಮಿಲಿಲೀಟರ್ ಮಾತ್ರ. ಸಾಮಾನ್ಯ ಸಿರಿಂಜಿನಲ್ಲಿ ಅಷ್ಟನ್ನು ಅಳೆಯಲಾಗದು, ಅಂದಾಜಿನಲ್ಲಿ 0.1 ಮಿಲಿಲೀಟರ್ ಹೋದರೂ ಹತ್ತುಪಟ್ಟು ವಿಷವಾಯಿತು. ಆದ್ದರಿಂದಲೇ ವೈದ್ಯರು ಔಷಧವನ್ನು ತೆಳುಗೊಳಿಸಿ, ಹಾವನ್ನು ತೂಗಿ ಕೊಡುತ್ತಾರೆ. ಅದೇ ಮನೆಯಲ್ಲಿ ಆಮೆಯಿದ್ದರೆ ಅದಕ್ಕೆ ಐವರ್ಮೆಕ್ಟಿನ್ ಸೋಕಿಸಲೇಬಾರದು, ಆಮೆಗಳಿಗೆ ಅದು ಪ್ರಾಣಾಂತಿಕ. ದನಗಳ ಮೈಗೆ ನೀರಿನಲ್ಲಿ ಬೆರೆಸಿ ಸಿಂಪಡಿಸುವ ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್‌ಗಳನ್ನೂ ಹಾವಿನ ಮೈಗೆ ಹಚ್ಚಬಾರದು. ಫಿಪ್ರೊನಿಲ್ ಸಿಂಪಡಿಕೆಯನ್ನು ಬಳಸುವವರು ಅದನ್ನು ನೇರವಾಗಿ ಹೊಡೆಯದೆ ಬಟ್ಟೆಗೆ ಹಾಕಿ, ಕಣ್ಣು ಬಾಯಿಗಳನ್ನು ಬಿಟ್ಟು ತೆಳುವಾಗಿ ಒರೆಸುತ್ತಾರೆ. ಇದೂ ಪಶುವೈದ್ಯರ ಮಾರ್ಗದರ್ಶನದಲ್ಲೇ ಆಗಬೇಕು. ಗದುಗಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವುದರಿಂದ ಈ ಭಾಗದವರಿಗೆ ಸಲಹೆ ತೀರ ದೂರದ ಮಾತಲ್ಲ.

ಹಾವಿನ ಮೈ ಶುದ್ಧವಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಹೆಣ್ಣು ನುಸಿಯು ರಕ್ತ ಕುಡಿದ ಮೇಲೆ ಹಾವನ್ನು ಬಿಟ್ಟಿಳಿದು, ಗೂಡಿನ ಕತ್ತಲೆಯ ತೇವದ ಸಂದುಗಳಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಬೆಳೆದ ನುಸಿಯಾಗುವವರೆಗಿನ ಚಕ್ರವು 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎರಡು ಮೂರು ವಾರಗಳೊಳಗೆ ಪೂರ್ಣಗೊಳ್ಳುವುದರಿಂದ, ಒಂದೇ ಸಲದ ಚಿಕಿತ್ಸೆಗೆ ಸಿಗದೆ ಉಳಿದ ಮೊಟ್ಟೆಗಳು ಮರುವಾರವೇ ಹೊಸ ಪೀಳಿಗೆಯನ್ನು ಹಾವಿಗೆ ಹತ್ತಿಸಬಲ್ಲವು. ಉಗುರುಬೆಚ್ಚಗಿನ ನೀರಿನಲ್ಲಿ ಹಾವನ್ನು ನೆನೆಸಿದರೆ ಹಲವು ನುಸಿಗಳು ಮುಳುಗಿ ಸಾಯುತ್ತವೆ, ಆದರೆ ನೀರಿನಿಂದ ಮೇಲಿರುವ ತಲೆಯ ಕಡೆಗೆ ಉಳಿದವು ಏರಿ ಕೂರುತ್ತವೆ. ಆದುದರಿಂದ ತೆಂಗಿನ ನಾರು, ಮರದ ಹೊಟ್ಟುಗಳಂತಹ ಹಾಸನ್ನೆಲ್ಲ ಹೊರಹಾಕಿ, ಬಿಸಿ ತಾಳುವ ಸಾಮಾನುಗಳನ್ನು ಕುದಿನೀರಿನಿಂದ ತೊಳೆದು, ಮೂಲೆ ಸಂದುಗಳನ್ನು ಒರೆಸುವುದು ಅಗತ್ಯ. ವೈದ್ಯರು ಸೂಚಿಸಿದ ಪರ್ಮೆತ್ರಿನ್ ಮದ್ದನ್ನು ಗೂಡಿಗೆ ಹೊಡೆಯುವುದಾದರೆ ಹಾವನ್ನೂ ನೀರಿನ ಬಟ್ಟಲನ್ನೂ ಹೊರತೆಗೆದು, ಗೂಡು ಪೂರ್ತಿ ಒಣಗಿ ವಾಸನೆ ಹೋದ ಮೇಲೆಯೇ ಹಾವನ್ನು ಒಳಬಿಡಬೇಕು. ಹೊಸದಾಗಿ ತಂದ ಹಾವನ್ನು ಹಳೆಯವುಗಳಿಂದ ಕೆಲವು ತಿಂಗಳು ಬೇರೆ ಕೋಣೆಯಲ್ಲಿಡುವುದು ಸುಲಭದ ಎಚ್ಚರಿಕೆಯಾಗಿದ್ದರೂ ಸಾಕುವವರು ಹೆಚ್ಚಾಗಿ ಕೈಬಿಡುವುದೂ ಅದನ್ನೇ. ಚಿಕಿತ್ಸೆಯ ದಿನಗಳಲ್ಲಿ ಗೂಡಿಗೆ ಬಿಳಿಯ ಕಾಗದವನ್ನಷ್ಟೇ ಹಾಸಿ ದಿನವೂ ಬದಲಿಸುತ್ತ, ಅದರ ಮೇಲೆ ಕರಿಚುಕ್ಕೆಯೊಂದೂ ಕಾಣದೆ ಮತ್ತೊಂದು ಪೂರ್ಣ ಚಕ್ರ ಕಳೆದ ಮೇಲೆ ಮಾಮೂಲಿ ಹಾಸನ್ನು ಮರಳಿ ಹಾಕಬಹುದು.